ತೊಗರಿ ಯಾವಾಗ ‘ಆಹಾರ’ವಾಗುತ್ತದೆ?

ದೇವದುರ್ಗದ ಎರೆಹೊಲದ ತೊಗರಿ ದ್ವಿದಳ ಸಸ್ಯ. ಪಕ್ಕದ ಹೊಲದ ಹತ್ತಿ? ಅದೂ ದ್ವಿದಳವೇ. ಬೀಜದಲ್ಲಿ ಎರಡು ದಳಗಳಿದ್ದರೆ ಆಯಿತು, ಸಸ್ಯಶಾಸ್ತ್ರ ಹಾಗೆ ಕರೆಯುತ್ತದೆ. ಆದರೆ ಹತ್ತಿಬೀಜವನ್ನು ಯಾರೂ ‘ದ್ವಿದಳ ಧಾನ್ಯ’ ಎನ್ನುವುದಿಲ್ಲ. ಇನ್ನು ಶೇಂಗಾ ತೊಗರಿಯ ಕುಟುಂಬದ್ದೇ ಗಿಡ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಗಳೂ ಇವೆ. ಆದರೂ ಮಾರುಕಟ್ಟೆಯಲ್ಲಿ ಅದು ಎಣ್ಣೆಕಾಳು. ಪಾಠದಲ್ಲಿ ಈ ಗೊಂದಲವನ್ನು ಬಿಡಿಸದೆ ಮುಂದೆ ಹೋಗುವುದು ಸರಿಯಲ್ಲ.

ಕಾಯ್ದೆಯ ಪದಗಳದ್ದೂ ಇದೇ ಕಥೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ರೈತನ ಹೊಲದಲ್ಲಿರುವ ಬೆಳೆಗೆ ಅನ್ವಯಿಸುವುದಿಲ್ಲ. ಅದೇ ತೊಗರಿ ರಾಯಚೂರಿನ ಮಾರುಕಟ್ಟೆಯಲ್ಲಿ ವ್ಯಾಪಾರಿಯ ಕೈ ಸೇರಿದರೆ ‘ಪ್ರಾಥಮಿಕ ಆಹಾರ’ ಎನಿಸುತ್ತದೆ. ಕಾಳು ಬದಲಾಗಲಿಲ್ಲ, ಕೈ ಬದಲಾಯಿತು!

ನಾವು ಎಲ್ಲಕ್ಕೂ ‘ಕಲಬೆರಕೆ’ ಎಂಬ ಒಂದೇ ಮಾತು ಬಳಸುತ್ತೇವೆ. ಕಾಯ್ದೆ ಹಾಗಲ್ಲ. ಬೇಳೆಯಲ್ಲಿ ಉಳಿದ, ಅಪಾಯ ತರದ ಕಸಕಡ್ಡಿ ‘ಹೊರವಸ್ತು’. ನಿಗದಿತ ಗುಣಮಟ್ಟವಿಲ್ಲದಿದ್ದರೂ ಅಪಾಯವಿಲ್ಲದ ಬೇಳೆ ‘ಕಳಪೆ’. ಆರೋಗ್ಯ ಕೆಡಿಸುವಂಥದ್ದು ‘ಅಸುರಕ್ಷಿತ’. ಕಳಪೆಗೆ 5 ಲಕ್ಷ ರೂಪಾಯಿವರೆಗೆ ದಂಡ, ಅಸುರಕ್ಷಿತಕ್ಕೆ ಜೈಲೂ ಉಂಟು. ಆದ್ದರಿಂದ ಇದು ಬರೀ ಪದಗಳ ಜಗಳವಲ್ಲ.

ಕೇಸರಿ ಬೇಳೆಯನ್ನೇ ನೋಡಿ. ಹೆಸರು ಕೇಳಿದ ಮಗು ಸಿಹಿತಿಂಡಿಯನ್ನು ನೆನೆದೀತು. ಈ ಕಾಳಿನಲ್ಲಿ ಓಡ್ಯಾಪ್ ಎಂಬ ನರಗಳಿಗೆ ಹಾನಿ ಮಾಡುವ ಪದಾರ್ಥವಿದೆ. ತಿಂಗಳುಗಟ್ಟಲೆ ಇದನ್ನೇ ಮುಖ್ಯ ಆಹಾರವಾಗಿ ತಿಂದವರಲ್ಲಿ ಕಾಲುಗಳು ಬಿಗಿದು ಸ್ವಾಧೀನ ತಪ್ಪುವ ಲ್ಯಾಥಿರಿಸಂ ರೋಗ ಬರಬಹುದು. ಬರಗಾಲದಲ್ಲೂ ಒಣನೆಲದಲ್ಲಿ ಬೆಳೆಯುವ ಕಾಳಾದ್ದರಿಂದ ಬಡವರೇ ಹೆಚ್ಚು ನರಳಿದರು. ಇಲ್ಲಿ ವಿಷವನ್ನು ಯಾರೂ ಬೆರೆಸಿದ್ದಲ್ಲ, ಗಿಡವೇ ತಯಾರಿಸಿದ್ದು. ಆಡುಮಾತಿನ ‘ಕಲಬೆರಕೆ’ ಇದಕ್ಕೆ ಸಾಲದು. 1954ರ ಕಲಬೆರಕೆ ತಡೆ ಕಾಯ್ದೆಯ ನಿಯಮಗಳಿಗೆ 1961ರಲ್ಲಿ ಇದರ ಮಾರಾಟ ತಡೆಯುವ ನಿಯಮವನ್ನು ಪ್ರತ್ಯೇಕವಾಗಿ ಸೇರಿಸಿದರು. 2011ರ ನಿಬಂಧನೆಗಳಲ್ಲೂ ನಿರ್ಬಂಧ ಉಳಿಯಿತು. ಓಡ್ಯಾಪ್ ಕಡಿಮೆ ಇರುವ ತಳಿಗಳನ್ನು ವಿಜ್ಞಾನಿಗಳು ರೂಪಿಸಿದ್ದಾರೆ. ಆದರೆ ಅಂಗಡಿಯಲ್ಲಿ ಕಾಳು ನೋಡಿ ತಳಿ ಹೇಳುವುದು ಹೇಗೆ? ನನ್ನ ಮಟ್ಟಿಗೆ, ಅದಕ್ಕೆ ಉತ್ತರ ಸಿಗುವವರೆಗೆ ನಿರ್ಬಂಧ ಇರುವುದೇ ಲೇಸು.

ಶಿಕ್ಷಕ ಮಿತ್ರರೇ, 2002ರಿಂದ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟವಿದೆ. ಮಾನ್ವಿಯ ಶಾಲೆಯಾಗಲಿ ದೇವದುರ್ಗದ್ದಾಗಲಿ, ವಿಜ್ಞಾನದ ಪಾಠಕ್ಕೆ ಅಡುಗೆಕೋಣೆಯ ಒಂದು ಹಿಡಿ ಬೇಳೆ ಸಾಕು. ತಟ್ಟೆಯಲ್ಲಿ ಹರಡಿ, ಮಕ್ಕಳಿಂದ ಆರಿಸಿ. ತೊಗರಿ ದುಂಡಗಿರುತ್ತದೆ. ಕೇಸರಿ ಕಾಳಿಗೆ ಅಂಚುಗಳಿದ್ದು ಒಂದು ಬದಿ ಓರೆಯಾಗಿ, ಚೌಕಾಕಾರವಾಗಿ ಕಾಣುತ್ತದೆ. ಸಂಶಯ ಬಂದರೆ ಕಣ್ಣಂದಾಜಿನ ಮೇಲೆ ಅಂಗಡಿಯವರನ್ನು ದೂರಬೇಡಿ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ದೋಷ ಸಾಬೀತಾದರೆ ಆ ಶುಲ್ಕ ವಾಪಸು ಬರುತ್ತದೆ.