ಪಾರ್ಕಿನ ಬೀಗ ಯಾರಿಗೆ?

ನಮ್ಮವ್ವ ಬೆಂಗಳೂರಿನ ಬೀದಿ ಗುಡಿಸ್ತಾಳೆ. ಬೆಳಗ್ಗೆ ಆರೂವರೆಗೆ ಹಾಜರಿ. ನಾಲ್ಕೂವರೆಗೇ ಎದ್ದು ನಮಗೆಲ್ಲ ಬೇಯಿಸಿಟ್ಟು ಹೊರಡ್ತಾಳೆ. ಹತ್ತೂವರೆ ಹೊತ್ತಿಗೆ ಸೊಂಟ ಹಿಡ್ಕೊಳ್ಳುತ್ತೆ. ಎಲ್ಲಾದರೂ ಹತ್ತು ನಿಮಿಷ ಕೂರಬೇಕು ಅನ್ಸುತ್ತೆ. ಅವಳು ಗುಡಿಸುವ ರಸ್ತೆಯ ಮಗ್ಗುಲಲ್ಲೇ ಒಂದು ಪಾರ್ಕಿದೆ. ಹೊಂಗೆಮರ, ಕಲ್ಲುಬೆಂಚು, ಕುಡಿಯೋ ನೀರಿನ ನಲ್ಲಿ, ಎಲ್ಲ ಇದೆ.

2019ರಲ್ಲಿ ನಾನಿನ್ನೂ ಬಿ.ಎ. ಓದುತ್ತಿದ್ದೆ. ಅವ್ವ ಮರೆತು ಹೋಗಿದ್ದ ತಿಂಡಿ ಡಬ್ಬಿ ಕೊಡೋಕೆ ಹೋದೆ. ಪಾರ್ಕಿನ ಗೇಟಿಗೆ ಬೀಗ. ಅವ್ವ ಗೇಟಿನ ಹೊರಗೆ ಚರಂಡಿ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕ್ತಿದ್ದಳು.

‘ಒಳಗ್ಯಾಕವ್ವ ಕೂತ್ಕೊಳ್ಲಿಲ್ಲ?’ ಅಂದೆ.

‘ಹತ್ತು ಗಂಟೆಗೆ ಮುಚ್ತಾರಲ್ಲಪ್ಪ. ವಾಕಿಂಗಿನೋರ್ದು ಮುಗೀತಲ್ಲ’ ಅಂದಳು.

ವಾಕಿಂಗಿನವರದು ಮುಗಿದರೆ ಪಾರ್ಕಿನ ಕೆಲಸವೂ ಮುಗೀತು! ಈ ಊರಿನ ವರ್ಣಾಶ್ರಮವನ್ನೆಲ್ಲ ಅವ್ವ ಒಂದೇ ಮಾತಲ್ಲಿ ಹೇಳಿಬಿಟ್ಟಳು. ನಾನು ಮೂರು ವರ್ಷ ಸಮಾಜಶಾಸ್ತ್ರ ಓದಿ ಇಷ್ಟು ಚೆನ್ನಾಗಿ ಹೇಳಲಾರೆ.

ಈಗ ಓದಿಕೊಂಡವರ ಬಾಯಲ್ಲಿ ಹೊಸ ಮಾತೊಂದು ಓಡಾಡುತ್ತಿದೆ: ‘ಮೂರನೇ ಜಾಗ’. ರೇ ಓಲ್ಡನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1989ರಲ್ಲಿ ಬರೆದ ಪುಸ್ತಕದಿಂದ ಹರಡಿದ ಮಾತು ಇದು. ಮನೆ ಮೊದಲನೇ ಜಾಗ. ದುಡಿಯುವುದು ಎರಡನೇ ಜಾಗ. ಕಾಫಿ ಅಂಗಡಿ, ಕ್ಷೌರದಂಗಡಿ, ಪುಸ್ತಕದಂಗಡಿ, ಹೀಗೆ ಯಾರೂ ಕರೆಯದೆ ಹೋಗಿ ಕೂತು ಹರಟುವ ಕಡೆ ಮೂರನೇ ಜಾಗ. ಅಲ್ಲಿ ಮನುಷ್ಯ ತನ್ನ ಅಂತಸ್ತನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಾನೆ, ಒಳಗೆ ಎಲ್ಲರೂ ಸಮ ಅನ್ನೋದು ಆತನ ವಾದ.

ಇದನ್ನು ಓದಿ ನಮ್ಮ ನಗರದ ಸಜ್ಜನರು ನಿಟ್ಟುಸಿರು ಬಿಡ್ತಿದ್ದಾರೆ. ಹಳೇ ಕಾಫಿ ಹೋಟೆಲು ಹೋಯ್ತು, ಜಗಲಿ ಹೋಯ್ತು, ಅರಳಿಕಟ್ಟೆ ಹೋಯ್ತು, ಜನ ಜನದ ಜೊತೆ ಮಾತಾಡೋದೇ ನಿಂತು ಹೋಯ್ತು ಅಂತ ಅಳ್ತಾರೆ.

ಅಳಲಿ. ಆದರೆ ಆ ಅಳುವಿಗೆ ನಮ್ಮನ್ನು ಜೊತೆ ಕರೀಬೇಡಿ. ನೀವು ಕಳಕೊಂಡ ಅರಳಿಕಟ್ಟೆ ಯಾವುದು ಸ್ವಾಮಿ? ಅದರ ಮೇಲೆ ನಮ್ಮಪ್ಪ, ನಮ್ಮ ತಾತ ಯಾವತ್ತು ಕೂತಿದ್ದರು? ನೀವು ಕಾಲು ಚಾಚಿ ಕೂತ ಜಗಲಿಯ ಕೆಳಗೆ ಅವರು ಚಪ್ಪಲಿ ಕೈಲಿ ಹಿಡಿದು ನಿಂತಿದ್ದರು. ಹಳ್ಳಿಯ ಟೀ ಹೋಟೆಲಲ್ಲಿ ನಿಮಗೆ ಒಳಗಿನ ಲೋಟ, ನಮಗೆ ಸೂರಿನಡಿ ಸಿಕ್ಕಿಸಿದ ಲೋಟ. ಕುಡಿದು ನಾವೇ ತೊಳೆದಿಡಬೇಕು. ಕ್ಷೌರದಂಗಡಿಯವನು ನಮ್ಮನ್ನು ಕಂಡರೆ ಕತ್ತರಿ ಎತ್ತಿಡ್ತಿದ್ದ. ಎಷ್ಟೋ ಊರಲ್ಲಿ ಈಗಲೂ ಅದೇ ಕತೆ. ಅಮೆರಿಕದವನು ಅಂತಸ್ತನ್ನು ಬಾಗಿಲ ಹೊರಗೆ ಬಿಡಬೇಕು ಅಂದ. ಇಲ್ಲಿ ಚಪ್ಪಲಿಯ ಜೊತೆ ನಮ್ಮನ್ನೂ ಹೊರಗೇ ಬಿಟ್ಟರು. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಗುಣಗಾನವನ್ನು ಖಂಡಿಸಿ ಮಾತಾಡಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಮೂರನೇ ಜಾಗ ನಮಗೆ ಬೇಡವೇ? ಎಲ್ಲರಿಗಿಂತ ಹೆಚ್ಚಾಗಿ ನಮಗೇ ಬೇಕು. ಲೆಕ್ಕ ಹಾಕಿ ನೋಡಿ. ನಮ್ಮವ್ವನ ಮೊದಲನೇ ಜಾಗ ಹತ್ತಡಿ ಹತ್ತಡಿಯ ಒಂದು ಕೋಣೆ. ಅದರಲ್ಲಿ ಐದು ಜನ, ಒಂದು ಸ್ಟವ್, ಒಂದು ಟ್ರಂಕು, ನನ್ನ ಪುಸ್ತಕ. ಅವಳ ಎರಡನೇ ಜಾಗ ನಡುಬೀದಿ. ಮನೆಯಲ್ಲಿ ಹಾಲ್ ಇರುವವನಿಗೆ ಪಾರ್ಕು ಒಂದು ಶೋಕಿ. ಅವ್ವನಿಗೆ ಅದು ಬೆನ್ನು ಊರುವ ಗೋಡೆ. ಕೇರಿಯ ಹುಡುಗಿ ಪರೀಕ್ಷೆಗೆ ಓದಬೇಕು ಅಂದರೆ ಎಲ್ಲಿ ಓದ್ತಾಳೆ? ಸಂಜೆ ಕೆಲಸ ಬಿಟ್ಟು ಬಂದ ಗಾರೆ ಕೆಲಸದ ಅಣ್ಣ ಸಾರಾಯಿ ಅಂಗಡಿ ಬಿಟ್ಟರೆ ಮತ್ತೆಲ್ಲಿ ನಾಲ್ಕು ಜನರ ಜೊತೆ ಕೂರ್ತಾನೆ?

ಒಂದು ಚರಿತ್ರೆ ನೆನಪು ಮಾಡ್ಕೊಳ್ಳಿ. 1917. ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯೋಕೆ ಯಾರೂ ಮನೆ ಕೊಡಲಿಲ್ಲ. ಪಾರ್ಸಿಗಳ ಛತ್ರದಲ್ಲಿದ್ದರು. ಜಾತಿ ಗೊತ್ತಾದ ಕೂಡಲೇ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ದಬ್ಬಿತು. ಗೆಳೆಯರೂ ಜಾಗ ಕೊಡಲಾರದೆ ಹೋದರು. ಮುಂಬಯಿಯ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೆ ಐದು ಗಂಟೆ ಹೊತ್ತು ಅವರು ಕೂತದ್ದೆಲ್ಲಿ? ಕಾಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ. ಅಲ್ಲಿ ದುಃಖದಲ್ಲಿ ಕೂತಿದ್ದೆ ಎಂದು ಅವರೇ ಬರೆದಿದ್ದಾರೆ. ಈಗ ಆ ಜಾಗವನ್ನು ಸಂಕಲ್ಪ ಭೂಮಿ ಅಂತ ಕರೆದು ನಮಿಸ್ತೇವೆ.

ಗೆಳೆಯರೇ, ಆ ದಿನ ಆ ಗೇಟಿಗೂ ಬೀಗ ಹಾಕಿದ್ದರೆ? ಛತ್ರ ದಬ್ಬಿದವನಿಗೆ, ಗೆಳೆತನ ಕೈಬಿಟ್ಟವನಿಗೆ, ಕಾಸಿಲ್ಲದೆ, ಕುಲ ಹೇಳದೆ ಕೂರಲು ಉಳಿಯುವ ಕೊನೆಯ ನೆಲವೇ ಸಾರ್ವಜನಿಕ ನೆಲ. ಅದಕ್ಕೇ ಅವರು 1927ರ ಮಾರ್ಚ್ 20ರಂದು ಮಹಾಡದಲ್ಲಿ ಚೌದಾರ್ ಕೆರೆಗೆ ಇಳಿದರು. ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ ಇವನ್ನೆಲ್ಲ ಹೆಸರು ಹೇಳಿ ಬರೆದಿದ್ದಾರೆ. ಜಾತಿಯ ಕಾರಣಕ್ಕೆ ಇಲ್ಲಿಂದ ಯಾರನ್ನೂ ತಡೆಯುವಂತಿಲ್ಲ. ಅದು ಬರೀ ನೀರು, ಬರೀ ಕಾಫಿಯ ಪ್ರಶ್ನೆಯಲ್ಲ. ಜೊತೆಗೆ ಕೂರುವ ಪ್ರಶ್ನೆ.

ಈಗ ‘ನೀನು ಹೊಲೆಯ, ಹೊರಗಿರು’ ಅಂತ ನಗರದಲ್ಲಿ ಬೋರ್ಡು ಹಾಕೋರಿಲ್ಲ. ಬೋರ್ಡಿನ ಭಾಷೆ ಬದಲಾಗಿದೆ. ನಮ್ಮ ಪಕ್ಕದ ಪಾರ್ಕಿನ ಬೋರ್ಡು ಹೀಗಿದೆ: ಊಟ ಮಾಡಬಾರದು, ಮಲಗಬಾರದು, ಗುಂಪು ಸೇರಬಾರದು. ಉಣ್ಣೋದು, ಒರಗೋದು, ನಾಲ್ಕು ಜನ ಸೇರೋದು! ಮನೆಯಲ್ಲಿ ಜಾಗವಿಲ್ಲದವರು ಪಾರ್ಕಿಗೆ ಬರೋದೇ ಈ ಮೂರಕ್ಕೆ. ಓಡೋದಕ್ಕೆ ಮಾತ್ರ ಅನುಮತಿ. ಬೆಳಗಿಂದ ಓಡಿ ಓಡಿ ಸುಸ್ತಾದವಳು ಮತ್ತೆ ಅಲ್ಲಿ ಯಾಕೆ ಓಡ್ತಾಳೆ?

2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂಬ ಆದೇಶ ಬಂತು. ಒಳ್ಳೇ ಆದೇಶ. ನಾವೂ ಚಪ್ಪಾಳೆ ತಟ್ಟಿದೆವು. ಆಮೇಲೆ ನಮ್ಮ ಕಡೆಯ ನಿವಾಸಿಗಳ ಸಂಘದ ಸಭೆ ನಡೀತು. ‘ಮಧ್ಯಾಹ್ನ ಎಂಥೆಂಥವರೋ ಬಂದು ಬಿದ್ದಿರ್ತಾರೆ, ನಮ್ಮ ಹೆಂಗಸರು ಮಕ್ಕಳು ಓಡಾಡೋದು ಹೇಗೆ?’ ಅಂತ ಒಬ್ಬ ಹಿರಿಯರು ಎದ್ದು ಕೇಳಿದರು. ಎಂಥೆಂಥವರು ಅಂದರೆ ಯಾರು ಸ್ವಾಮಿ? ನಮ್ಮವ್ವ ಹೆಂಗಸಲ್ಲವೇ? ನಾನು ಅವಳ ಮಗುವಲ್ಲವೇ? ಕೆಲವು ದಿನ ಗೇಟು ತೆರೆದಿತ್ತು. ಆಮೇಲೆ ‘ನಿರ್ವಹಣೆ ಕೆಲಸ’ ಅಂತ ಮತ್ತೆ ಬೀಗ ಬಿತ್ತು.

ಬೀಗ ಹಾಕುವವನು ರಾಯಚೂರು ಕಡೆಯ ಹುಡುಗ. ‘ಅಕ್ಕಾರ, ಏಳ್ರಿ. ನೀವು ಕುಂತಿದ್ದು ನೋಡಿದ್ರ ನನ್ನ ಕೆಲಸಾ ಹೋಗ್ತದ್ರಿ’ ಅಂತ ಅವ್ವನಿಗೆ ಕೈ ಮುಗೀತಾನೆ. ಅವನೂ ನಮ್ಮೋನೇ. ನಮ್ಮವನ ಕೈಯಿಂದಲೇ ನಮಗೆ ಬೀಗ ಹಾಕಿಸುವ ಚಾಲಾಕಿತನ ಹೊಸದೇನಲ್ಲ.

ಕೆಲವು ಕಡೆ ಪೌರಕಾರ್ಮಿಕರಿಗೆಂದೇ ತಗಡಿನ ವಿಶ್ರಾಂತಿ ಕೊಠಡಿ ಇಟ್ಟಿದ್ದಾರೆ. ಬೇಡ ಅನ್ನೋಲ್ಲ. ಶೌಚಾಲಯ ಬೇಕು, ಬಟ್ಟೆ ಬದಲಿಸಲು ಮರೆ ಬೇಕು. ಆದರೆ ಆ ಕೊಠಡಿ ಇದೆ ಎಂಬ ನೆಪದಲ್ಲಿ ಪಾರ್ಕಿನ ಬೆಂಚು ತಪ್ಪಿಸಿದರೆ, ಅದು ಸೂರಿನಡಿಯ ಲೋಟವೇ. ಲೋಟ ದೊಡ್ಡದಾಗಿದೆ, ಅಷ್ಟೇ.

ಇನ್ನು ಮಾಲುಗಳು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆ ಉಟ್ಟ ವೃದ್ಧ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ನಾಡೇ ಸಿಟ್ಟಿಗೆದ್ದಿತು. ವಿಧಾನಸಭೆಯಲ್ಲಿ ಚರ್ಚೆಯಾಯಿತು. ಮಾಲನ್ನು 7 ದಿನ ಮುಚ್ಚಿಸುವ ಮಾತು ಸರ್ಕಾರದಿಂದಲೇ ಬಂತು. ಸರಿಯಾದ ಸಿಟ್ಟು, ನಮ್ಮದೂ ಅದೇ. ಆದರೆ ಕೇಳಬೇಕಾದ್ದು ಕೇಳ್ತೇನೆ: ಪಂಚೆಗಾಗಿ ಎದ್ದ ನಾಡು ಪೊರಕೆಗಾಗಿ ಯಾವಾಗ ಏಳುತ್ತೆ?

ಹರಟುವ ಜಾಗ ಹೋದರೆ ಹೋರಾಡುವ ಜಾಗವೂ ಹೋಗುತ್ತೆ. ಇವೆರಡೂ ಬೇರೆಯಲ್ಲ. ಮೊದಲು ನಾಲ್ಕು ಜನ ಕೂತು ಕಷ್ಟಸುಖ ಮಾತಾಡ್ತಾರೆ. ಆಮೇಲೇ ಎದ್ದು ಘೋಷಣೆ ಕೂಗ್ತಾರೆ. ನಮ್ಮ ಚಳವಳಿ ಹುಟ್ಟಿದ್ದೇ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ, ಟೀ ಅಂಗಡಿಯ ಮುಂದೆ. ಪುರಭವನದ ಮೆಟ್ಟಿಲು ಎಷ್ಟು ಸಲ ನಮ್ಮ ತಮಟೆ ಕೇಳಿಲ್ಲ? 2021ರ ಆದೇಶದ ನಂತರ ಬೆಂಗಳೂರಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದನ್ನೇ ತೋರಿಸಿದರು. ಒಂದು ಕಾಲಕ್ಕೆ ಅದು ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ರಾಜಕೀಯ ಕೈದಿಗಳನ್ನು ಇಟ್ಟಿದ್ದ ಜಾಗ. ಹಳೇ ಜೈಲಿನ ಗೋಡೆಯೊಳಗೆ ಕೂತು ಸ್ವಾತಂತ್ರ್ಯ ಕೇಳಿ ಅಂತಾರೆ. ದಾರಿಹೋಕರಿಗೆ ಕೇಳಿಸದ ಘೋಷಣೆ ಯಾರನ್ನು ಮುಟ್ಟುತ್ತೆ?

ಇಷ್ಟೂ ಬೈದದ್ದು ಬೇರೆಯವರನ್ನು. ಈಗ ನಮ್ಮನ್ನೇ ಬೈಯೋಣ. ನಮ್ಮ ಕೇರಿಯಲ್ಲಿ ಸಂಘದ ಕೋಣೆ ಇದೆ. ಬಾಬಾಸಾಹೇಬರ ಪಟ, ನೀಲಿ ಬಾವುಟ, ಕೇರಂ ಬೋರ್ಡು. ಸಂಜೆಯಾದರೆ ಅಲ್ಲಿ ಯಾರಿರ್ತಾರೆ? ನಾವು, ಗಂಡಸರು. ನಮ್ಮ ಅಕ್ಕತಂಗಿಯರು ಎಲ್ಲಿರ್ತಾರೆ? ನಲ್ಲಿ ಮುಂದೆ ಕೊಡ ಹಿಡಿದು. ಈ ಲೇಖನ ಬರೀತಾ ಅವ್ವನನ್ನು ಕೇಳಿದೆ: ‘ಪಾರ್ಕು ಬಿಡು, ನಮ್ಮ ಸಂಘದಲ್ಲಾದ್ರೂ ಬಂದು ಕೂರಬಾರ್ದಾ?’ ಅವ್ವ ನಕ್ಕು, ‘ನಿಮ್ಮ ಸಂಘದ ಬೀಗ ಯಾರ್ ತಾವೈತೆ ಮಗ?’ ಅಂದಳು. ಬೀಗದಕೈ ನನ್ನ ಜೇಬಲ್ಲೇ ಇತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಅದಕ್ಕೇ ಗೆಳೆಯರೇ, ಈ ನಾಲ್ಕು ಮಾತು:

ಒಂದು, ಪಾರ್ಕುಗಳ ಗೇಟು ಆದೇಶದಂತೆ ಇಡೀ ಹಗಲು ತೆರೆದಿರಬೇಕು. ಉಣ್ಣಲು, ಒರಗಲು ಅಡ್ಡಿ ಇರಬಾರದು. ನೀರು, ಶೌಚಾಲಯ ಇರಬೇಕು.

ಎರಡು, 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತೆ. ಆ ದುಡ್ಡಲ್ಲಿ ಪ್ರತಿ ಕೊಳೆಗೇರಿಗೂ ರಾತ್ರಿವರೆಗೆ ದೀಪ ಉರಿಯುವ ಓದುಕೋಣೆ ಬೇಕು.

ಮೂರು, ಜನ ಓಡಾಡುವ ಕಡೆ ಜನ ಸೇರಿ ಕೂಗುವ ಹಕ್ಕು ವಾಪಸು ಬೇಕು.

ನಾಲ್ಕು, ಇದಕ್ಕೆ ಯಾವ ಸರ್ಕಾರವನ್ನೂ ಕಾಯಬೇಕಿಲ್ಲ. ನಮ್ಮ ಸಂಘದ ಕೋಣೆಗಳ ಬೀಗದಕೈ ನಮ್ಮ ಅವ್ವಂದಿರ ಸೆರಗಿಗೆ ಹೋಗಬೇಕು. ನನ್ನ ಜೇಬಲ್ಲಿದ್ದುದನ್ನು ನಾನು ಕೊಟ್ಟಾಗಿದೆ. ನಿಮ್ಮದು?

ಬರುವ ಭಾನುವಾರ ಹತ್ತೂವರೆಗೆ ಆ ಪಾರ್ಕಿನ ಗೇಟಿನ ಮುಂದೆ ಅವ್ವನ ಜೊತೆ ನಾವೆಲ್ಲ ಬುತ್ತಿ ಬಿಚ್ಚಿ ಕೂರ್ತೇವೆ. ಗೇಟು ತೆರೆದಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನೀವೂ ಬನ್ನಿ. ಬುತ್ತಿ ತನ್ನಿ.

ಜೈ ಭೀಮ್.