ಲಕ್ಷ ರೂಪಾಯಿಯ ಕಿಟಕಿ ಮತ್ತು ಒಣಮೀನಿನ ವಾಸನೆ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಕೆಲಸ, ಡೆಡ್‌ಲೈನ್, ಚಳಿ... ಎಲ್ಲಾ ಹಳೇ ನೆಪಗಳೇ ಬಿಡಿ. ಇವತ್ತು ಬರೆಯೋಕೆ ಕೂತಿದ್ದು ಸ್ವಲ್ಪ ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ವಿಷಯ ಇಷ್ಟು. ಕಳೆದ ಜೂನ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ಕೆನಡಾದ ಪೂರ್ವದ ತುದಿಗೆ, ನ್ಯೂಫೌಂಡ್‌ಲ್ಯಾಂಡಿಗೆ ಹೋಗಿದ್ವಿ. ಅದರ ಉತ್ತರ ಕರಾವಳಿಯಲ್ಲಿ ಫೋಗೋ ಅಂತ ಒಂದು ದ್ವೀಪ. ಆ ದ್ವೀಪದಲ್ಲಿ 'ಫೋಗೋ ಐಲ್ಯಾಂಡ್ ಇನ್' ಅಂತ ಒಂದು ಹೋಟೆಲ್. ಟೊರಾಂಟೋದಿಂದ ವಿಮಾನದಲ್ಲಿ ಗ್ಯಾಂಡರ್ ಊರು, ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗೂ ಹೆಚ್ಚು ದಾರಿ, ಆಮೇಲೆ 'ಫೇರ್‌ವೆಲ್' ಅನ್ನೋ ಜಾಗದಿಂದ (ನಿಜವಾಗ್ಲೂ ಅದೇ ಹೆಸರು!) ಕಾರನ್ನೂ ಹೊತ್ತೊಯ್ಯುವ ಫೆರಿ. ದ್ವೀಪ ಮುಟ್ಟಿದ ಮೇಲೂ ಅರ್ಧ ಗಂಟೆ ದಾರಿ. ಮರಗಳು ಕುಳ್ಳ, ಕಲ್ಲುಗಳು ಧಾರಾಳ. ಕಪ್ಪು ಬಂಡೆಗಳ ಅಂಚಿನಲ್ಲಿ, ಕೋಲುಗಳ ಮೇಲೆ ನಿಂತ ಉದ್ದನೆಯ ಬಿಳಿ ಕಟ್ಟಡ. 29 ಕೋಣೆ. ಪ್ರತಿ ಕೋಣೆಗೂ ನೆಲದಿಂದ ಸೂರಿನವರೆಗೆ ಕಿಟಕಿ, ಕಿಟಕಿಯ ತುಂಬಾ ಅಟ್ಲಾಂಟಿಕ್. ಬಾಡಿಗೆ ಒಂದು ರಾತ್ರಿಗೆ 2,000 ಡಾಲರಿಗೂ ಮೇಲೆ, ಊಟ ತಿಂಡಿ ಸೇರಿ. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತೆ. ಆ ವರ್ಷದ ಬೋನಸ್ ಅಲ್ಲೇ ಕರಗಿತು.

ಬಂದ ಮೇಲೆ ಮೂರು ತರಹದ ಮಾತು ಕೇಳಿಸಿಕೊಂಡೆ. ಬೆಂಗಳೂರಿನ ಗೆಳೆಯ ಫೋನಿನಲ್ಲಿ, "ಲೋ, ಮಂಜು ನೋಡೋಕೆ ಲಕ್ಷ ರೂಪಾಯಿನಾ? ಆಗುಂಬೆಗೆ ಬಾ, ಪುಕ್ಕಟೆ ತೋರಿಸ್ತೀನಿ" ಅಂದ. ಇಲ್ಲಿನ ಕನ್ನಡದ ಗೆಳೆಯರೊಬ್ಬರು "ಬಡ ಬೆಸ್ತರ ಊರಲ್ಲಿ ಶ್ರೀಮಂತರ ಆಟ" ಅಂತ ಮುಖ ಸಿಂಡರಿಸಿದರು. ಮೂರನೆಯವರು "ರೆಸಾರ್ಟ್ ಬಂದ್ರೆ ತಾನೇ ಊರು ಉದ್ಧಾರ ಆಗೋದು" ಅಂತ ಸಮಾಧಾನ ಹೇಳಿದರು.

ಮೂರೂ ತಪ್ಪು ಅಂತ ನನ್ನ ವಾದ. ಮೊದಲನೆಯವನಿಗೆ ದರ ಮಾತ್ರ ಕಂಡಿತು. ಎರಡನೆಯವರಿಗೆ ಬರುವ ಅತಿಥಿ ಮಾತ್ರ ಕಂಡ. ಮೂರನೆಯವರಿಗೆ ಕಟ್ಟಡ ಮಾತ್ರ ಕಂಡಿತು. ಕೇಳಬೇಕಾದ ಪ್ರಶ್ನೆ ಒಂದೇ: ನಾನು ಕೊಟ್ಟ ದುಡ್ಡು ಬೆಳಗಾಗುವಷ್ಟರಲ್ಲಿ ಯಾವ ಊರಿಗೆ ಹೋಗಿರುತ್ತೆ?

ಅದಕ್ಕೆ ಸ್ವಲ್ಪ ಚರಿತ್ರೆ ಬೇಕು. ಆ ಕಡೆಯವರು ನೂರಾರು ವರ್ಷ ಬದುಕಿದ್ದು 'ಕಾಡ್' ಮೀನಿನಿಂದ (ನಮ್ಮ ಕಾಡಿಗೂ ಇದಕ್ಕೂ ಸಂಬಂಧ ಇಲ್ಲ, ಮೀನಿನ ಜಾತಿಯ ಹೆಸರು). ಗಂಡಸರು ಸಣ್ಣ ದೋಣಿಗಳಲ್ಲಿ ಹಿಡಿದು ತರೋದು, ಹೆಂಗಸರು ಮಕ್ಕಳು ಉಪ್ಪು ಹಾಕಿ ಮರದ ಅಟ್ಟಣಿಗೆಗಳ ಮೇಲೆ ಒಣಗಿಸೋದು. 1950ರ ದಶಕದಿಂದ ದೂರ ದೇಶದ ದೈತ್ಯ ಹಡಗುಗಳು ಬಂದು ಬಾಚತೊಡಗಿದವು. 1968ರ ಒಂದೇ ವರ್ಷ ಆ ಸಮುದ್ರದಿಂದ ಎತ್ತಿದ ಕಾಡ್ ಎಂಟು ಲಕ್ಷ ಟನ್ನಿಗೂ ಹೆಚ್ಚು. ಈ ನಡುವೆ ಸರ್ಕಾರ, ಚದುರಿದ ಸಣ್ಣ ಹಳ್ಳಿಗಳಿಗೆ ರಸ್ತೆ ಆಸ್ಪತ್ರೆ ಕೊಡೋದು ಕಷ್ಟ, ನೀವೇ ದೊಡ್ಡ ಊರಿಗೆ ಬನ್ನಿ ಅಂತ ಜನರನ್ನು ಎಬ್ಬಿಸತೊಡಗಿತು. 1954ರಿಂದ 1975ರೊಳಗೆ ಸುಮಾರು 300 ಹಳ್ಳಿಗಳಿಂದ ಸುಮಾರು 30,000 ಜನ ಮನೆ ಬಿಟ್ಟರು. ನೌಕಾನೆಲೆಗೆ ಊರು ಬಿಟ್ಟುಕೊಟ್ಟವರನ್ನು ಕಂಡಿರುವ ನಮ್ಮ ಕಾರವಾರ-ಅಂಕೋಲೆ ಕಡೆಯವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋಗೋದವರು ಏಳಲಿಲ್ಲ. 1967ರಲ್ಲಿ ಕೆನಡಾದ ರಾಷ್ಟ್ರೀಯ ಫಿಲ್ಮ್ ಬೋರ್ಡಿನ ಕಾಲಿನ್ ಲೋ ಅಲ್ಲಿಗೆ ಬಂದು ಬೆಸ್ತರು ಮಾತಾಡೋದನ್ನು ಸುಮ್ಮನೆ ಚಿತ್ರೀಕರಿಸಿದರು. 27 ಪುಟ್ಟ ಚಿತ್ರಗಳು. ಅವನ್ನು ಹಳ್ಳಿ ಹಳ್ಳಿಯಲ್ಲಿ ತೋರಿಸಿದಾಗ ಒಂದು ಊರಿನವರಿಗೆ ಇನ್ನೊಂದು ಊರಿನವರದ್ದೂ ಅದೇ ಗೋಳು ಅಂತ ಗೊತ್ತಾಯಿತು. ಎಲ್ಲ ಸೇರಿ ಸಹಕಾರಿ ಸಂಘ ಕಟ್ಟಿದರು. ಆ ಸಂಘ ಈಗಲೂ ಇದೆ. 1992ರ ಜುಲೈನಲ್ಲಿ ಕಾಡ್ ಮೀನುಗಾರಿಕೆಯನ್ನೇ ಸರ್ಕಾರ ನಿಲ್ಲಿಸಿದಾಗ ಸಂಘ ಏಡಿ, ಸಿಗಡಿ ಕಡೆ ತಿರುಗಿ ಉಸಿರು ಉಳಿಸಿಕೊಂಡಿತು. ಆ ನಿಷೇಧ ಪೂರ್ತಿ ತೆಗೆದದ್ದು 2024ರಲ್ಲಿ, 32 ವರ್ಷಗಳ ಮೇಲೆ!

ಈಗ ಹೋಟೆಲಿನ ವಿಷಯಕ್ಕೆ ಬರ್ತೀನಿ. ಇದರ ಹಿಂದಿರುವವರು ಜೀಟಾ ಕಾಬ್. ಆ ದ್ವೀಪದ ಬೆಸ್ತನ ಮಗಳು. ಹೊರಗೆ ಹೋಗಿ ಓದಿ, ಫೈಬರ್ ಆಪ್ಟಿಕ್ಸ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೇರಿ, ಕೈತುಂಬಾ ದುಡ್ಡು ಮಾಡಿಕೊಂಡು ವಾಪಸ್ ಬಂದವರು. ಊರಿಗೆ ಏನಾದ್ರೂ ಮಾಡೋಣ ಅಂತ ಮೊದಲು ಅವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ: ಮಕ್ಕಳ ಓದಿಗೆ ಸ್ಕಾಲರ್‌ಶಿಪ್. ಆಗ ಊರಿನ ಹೆಂಗಸೊಬ್ಬಳು ಹೇಳಿದಳಂತೆ, ನೀನು ನಮ್ಮ ಮಕ್ಕಳಿಗೆ ಊರು ಬಿಟ್ಟು ಹೋಗೋಕೆ ದುಡ್ಡು ಕೊಡ್ತಾ ಇದೀಯ ಅಂತ.

ಈ ಮಾತನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟೆ. ಯಾಕಂದ್ರೆ ನಾನು ಎಂಜಿನಿಯರಿಂಗ್ ಓದಿದ್ದು ನಮ್ಮ ಸಮಾಜದ ಸಂಘ ಕೊಟ್ಟ ವಿದ್ಯಾರ್ಥಿವೇತನದಲ್ಲಿ. ಸಂಘಕ್ಕೆ ಚಂದಾ ಕೊಟ್ಟವರೆಲ್ಲ ದೋಣಿಗೆ ಹೋಗುವವರು. ಅವರ ದುಡ್ಡಲ್ಲಿ ನಾನು ಕುಮಟೆ ಬಿಟ್ಟೆ, ಬೆಂಗಳೂರು ಬಿಟ್ಟೆ, ದೇಶವನ್ನೂ ಬಿಟ್ಟೆ. ಪ್ರತಿ ವರ್ಷ ಅದೇ ಸಂಘಕ್ಕೆ ಹತ್ತು ಸಾವಿರ ಕಳಿಸಿ ಋಣ ತೀರಿತು ಅಂದುಕೊಂಡಿದ್ದೆ. ಅಂದ್ರೆ ಇನ್ನೊಬ್ಬ ಹುಡುಗನಿಗೂ ಟಿಕೆಟ್ ತೆಗೆಸಿಕೊಡ್ತಿದ್ದೆ, ಅಷ್ಟೇ.

ಕಾಬ್ ತಮ್ಮ ಅಣ್ಣತಮ್ಮಂದಿರ ಜೊತೆ 'ಶೋರ್‌ಫಾಸ್ಟ್' ಅಂತ ಸಂಸ್ಥೆ ಕಟ್ಟಿದರು. ಮೀನಿನ ಬಲೆಯನ್ನು ದಡಕ್ಕೆ ಕಟ್ಟುವ ಹಗ್ಗಕ್ಕೆ ಅಲ್ಲಿ ಆ ಹೆಸರು. 2013ರಲ್ಲಿ ತೆರೆದ ಈ ಹೋಟೆಲ್ ಆ ಸಂಸ್ಥೆಯದ್ದು, ಲಾಭ ಯಾರ ಜೇಬಿಗೂ ಹೋಗೋದಿಲ್ಲ, ದ್ವೀಪದ ಕೆಲಸಗಳಿಗೇ ವಾಪಸ್. ಕಟ್ಟಡದ ನಕ್ಷೆ ಮಾಡಿದ ಟಾಡ್ ಸಾಂಡರ್ಸ್ ಗ್ಯಾಂಡರಿನಲ್ಲಿ ಹುಟ್ಟಿದವರು. ಕುರ್ಚಿ, ಮೇಜು ಮಾಡಿದ್ದು ದ್ವೀಪದ ಬಡಗಿಗಳು, ಕೌದಿ ಹೊಲಿದಿದ್ದು ದ್ವೀಪದ ಹೆಂಗಸರು. ಹೌದು, ನಮ್ಮ ಅಜ್ಜಿಯಂದಿರು ಹಳೇ ಸೀರೆಯಲ್ಲಿ ಹೊಲಿಯುವಂಥದ್ದೇ ಕೌದಿ!

ನನ್ನಂಥ ಎಂಜಿನಿಯರನಿಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು. ಬಿಸ್ಕೆಟ್ ಪ್ಯಾಕಿನ ಹಿಂದೆ ಸಕ್ಕರೆ ಇಷ್ಟು, ಕೊಬ್ಬು ಇಷ್ಟು ಅಂತ ಚೀಟಿ ಇರುತ್ತಲ್ಲ, ಹಾಗೇ ಈ ಹೋಟೆಲ್ ತನ್ನ ಬಾಡಿಗೆಯ ಚೀಟಿ ಪ್ರಕಟಿಸುತ್ತೆ. ಸಂಬಳಕ್ಕೆ ಇಷ್ಟು ಪಾಲು, ಅಡಿಗೆ ಸಾಮಾನಿಗೆ ಇಷ್ಟು, ಉಳಿದಿದ್ದು ಇಷ್ಟು. ಅದರಲ್ಲಿ ದ್ವೀಪದೊಳಗೇ ಉಳಿದದ್ದೆಷ್ಟು, ಹೊರಗೆ ಹೋಗಿದ್ದೆಷ್ಟು. ಅತಿ ದೊಡ್ಡ ಪಾಲು ಸಂಬಳದ್ದೇ. ಇದು ರಾಕೆಟ್ ವಿಜ್ಞಾನ ಅಲ್ಲ ಸ್ವಾಮಿ, ಒಂದು ಎಕ್ಸೆಲ್ ಶೀಟ್. ನಮ್ಮಲ್ಲಿ ಯಾರು ಬೇಕಾದ್ರೂ ಒಂದು ಮಧ್ಯಾಹ್ನ ಕೂತು ಮಾಡಬಹುದು. ಆದ್ರೆ ಮಾಡೋಕೆ ಲೆಕ್ಕ ತೋರಿಸುವ ಧೈರ್ಯ ಬೇಕು.

ಈಗ ನನ್ನದೇ ಕಥೆ ಒಂದು.

ನಾಲ್ಕೈದು ವರ್ಷದ ಹಿಂದೆ ಬೆಂಗಳೂರಿನ ಆಫೀಸಿನಿಂದ ಟೀಮ್ ಔಟಿಂಗ್ ಅಂತ ನಮ್ಮ ಕರಾವಳಿಯ ಒಂದು ರೆಸಾರ್ಟಿಗೆ ಹೋಗಿದ್ವಿ. ಹೆಸರು ಬೇಡ. ಬೆಳಿಗ್ಗೆ ತಿಂಡಿ ಹೊತ್ತಿಗೆ ಸಹೋದ್ಯೋಗಿಯೊಬ್ಬ ಮೂಗು ಮುಚ್ಚಿಕೊಂಡ. ಬೇಲಿಯ ಆಚೆ ಮರಳಲ್ಲಿ ಹೆಂಗಸರು ಬಂಗಡೆ, ತಾರ್ಲೆ ಹರವಿದ್ದರು. ಮ್ಯಾನೇಜರ್ ಓಡಿ ಬಂದು "ಸಾರಿ ಸರ್, ನಾಳೆಯಿಂದ ಆ ಕಡೆ ಹಾಕೋಕೆ ಹೇಳ್ತೀವಿ" ಅಂದ. ಹೇಳಿದ ಕೂಡ. ಮರುದಿನ ಮರಳು ಖಾಲಿ.

ನನ್ನ ಅಜ್ಜಿ ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಒಣಮೀನು ಮಾರಿದವಳು. ನಾನು ಆ ಮೇಜಿನಲ್ಲೇ ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ಇಡ್ಲಿ ತಿಂದೆ.

ಫೋಗೋದಲ್ಲಿ ಅತಿಥಿಗಳನ್ನು ಊರು ಸುತ್ತಿಸಲು ಊರಿನವರೇ ಬರುತ್ತಾರೆ. ನಮಗೆ ಸಿಕ್ಕವರು ವಯಸ್ಸಾದವರು. ಒಂದು ಬಂಡೆ ತೋರಿಸಿ "ನನ್ನ ಅಜ್ಜಿ ಅಲ್ಲಿ ಮೀನು ಒಣಗಿಸ್ತಿದ್ದಳು" ಅಂದರು. ಹೆಮ್ಮೆಯಿಂದ. ರಾತ್ರಿ ಊಟಕ್ಕೆ ಬಂದದ್ದೂ ಉಪ್ಪು ಹಾಕಿದ ಕಾಡ್. ಅದೇ ವಾಸನೆ. ಒಂದು ಕರಾವಳಿಯಲ್ಲಿ ಅತಿಥಿಯ ಮೂಗಿಗಾಗಿ ಎತ್ತಂಗಡಿಯಾದದ್ದು ಇನ್ನೊಂದರಲ್ಲಿ ಅತಿಥಿಯ ತಟ್ಟೆಗೆ ಗೌರವದಿಂದ ಬಂತು. ವ್ಯತ್ಯಾಸ ಮೀನಿನದ್ದಲ್ಲ. ಹೋಟೆಲ್ ಯಾರದ್ದು ಅನ್ನೋದು ವ್ಯತ್ಯಾಸ. ಮಾಲೀಕ ದೂರದಲ್ಲಿದ್ದರೆ ಊರು ಅವನಿಗೆ ಕಿಟಕಿಯ ಆಚೆಯ ಚಿತ್ರ, ಚಿತ್ರದಲ್ಲಿ ವಾಸನೆ ಇರಬಾರದು.

ಹೌದು, ಆಕ್ಷೇಪಣೆಗಳು ನನಗೂ ಗೊತ್ತು. ಅಷ್ಟು ದುಡ್ಡು ಕೊಟ್ಟು ಆ ಊರಿನ ಬೆಸ್ತ ಅಲ್ಲಿ ಮಲಗೋಕೆ ಆಗಲ್ಲ. ನಿಜ. ಸರ್ಕಾರದ ದುಡ್ಡೂ ಅದಕ್ಕೆ ಸೇರಿದೆ. ನಿಜ. ಒಂದು ಹೋಟೆಲಿನಿಂದ ಸಮುದ್ರಕ್ಕೆ ಮೀನು ವಾಪಸ್ ಬರಲ್ಲ. ಅದೂ ನಿಜ. ಆದ್ರೆ "ಕೋಟಿಗಟ್ಟಲೆ ದುಡ್ಡಿರೋ ಮಗಳು ಎಲ್ಲಾ ಊರಿಗೂ ಸಿಗ್ತಾಳಾ?" ಅಂತ ಕೇಳಿದರೆ ಮಾತ್ರ ಒಪ್ಪಲ್ಲ. ಆಕೆ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಸಹಕಾರಿ ಸಂಘ ಇತ್ತು. ಮತ್ತೆ ಸಹಕಾರ ನಮಗೇನು ಹೊಸದಾ? ಶಿರಸಿಯ ಟಿಎಸ್‌ಎಸ್ ಶುರುವಾಗಿದ್ದು 1923ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ. ಅಡಿಕೆಯನ್ನು ದಲ್ಲಾಳಿಗಳ ಕೈಗೆ ಬಿಡಬಾರದು ಅಂತ ಗೊತ್ತಿದ್ದವರು ನಾವು. ಕಡಲನ್ನು ಮಾತ್ರ ಯಾಕೆ ಬಿಟ್ಟೆವು?

ಸಿಟ್ಟು ಯಾರ ಮೇಲೆ ಅಂದೆನಲ್ಲ... ನನ್ನ ಮೇಲೇ. ಮತ್ತೆ ಸ್ವಲ್ಪ ನಿಮ್ಮ ಮೇಲೂ, ಬೇಜಾರು ಮಾಡಿಕೊಳ್ಳಬೇಡಿ. ಗೋಕರ್ಣದ ಬಂಡೆಗಳು, ಮುರ್ಡೇಶ್ವರದ ಸೂರ್ಯಾಸ್ತ ಅಂತ ನಾವು ಬರೆದ ಪೋಸ್ಟುಗಳಿಗೆ ಲೆಕ್ಕವಿಲ್ಲ. ಉಳಿದುಕೊಂಡ ಜಾಗ ಯಾರದ್ದು, ಅಡಿಗೆಯವನ ಊರು ಯಾವುದು, ಬೇಲಿ ಎಲ್ಲಿಯವರೆಗೆ ಬಂದಿದೆ ಅಂತ ಎಷ್ಟು ಜನ ಬರೆದಿದ್ದೀವಿ? ನಾನಂತೂ ಒಂದು ಸಲವೂ ಇಲ್ಲ.

ಮುಂದಿನ ಸಲ ಊರಿಗೆ ಬಂದಾಗ ಎಲ್ಲಿ ಉಳಿದರೂ, ಮುನ್ನೂರು ರೂಪಾಯಿಯ ಲಾಡ್ಜೇ ಇರಲಿ, ಮೂವತ್ತು ಸಾವಿರದ ರೆಸಾರ್ಟೇ ಇರಲಿ, ಬಿಲ್ ಕೊಡುವ ಮುಂಚೆ ಕೇಳ್ತೀನಿ: "ಇದರಲ್ಲಿ ಈ ಊರಿಗೆ ಎಷ್ಟು?" ಉತ್ತರ ಸಿಗಲಿಕ್ಕಿಲ್ಲ. ಮ್ಯಾನೇಜರ್ ನಗಬಹುದು. ನಗಲಿ. ಹತ್ತು ಜನ ಕೇಳಿದರೆ ನಗ್ತಾರೆ, ಸಾವಿರ ಜನ ಕೇಳಿದರೆ ಲೆಕ್ಕ ಬರೀತಾರೆ.

ಮೊನ್ನೆ ಆಯಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಎಲ್ಲಾ ಕೇಳಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ, "ಅಲ್ಲಿ ಒಣಮೀನಿಗೆ ರೇಟ್ ಎಷ್ಟು ಮಾಡ್ತ್ರೋ?" :-)

ನೀವೇನಂತೀರಿ? ಬೈಯೋದಿದ್ದರೂ ಬೈಯಿರಿ, ಆದ್ರೆ ನೀವು ಕೊನೆಯ ಸಲ ಕಡಲ ತಡಿಯಲ್ಲಿ ಉಳಿದ ಜಾಗ ಯಾರದ್ದು ಅನ್ನೋದನ್ನೂ ಜೊತೆಗೆ ಬರೆಯಿರಿ.