ಚೂರುಪಾರು ತಿಳಿವಳಿಕೆ

ಪತ್ರಿಕೆಯ ಮೂಲೆಯಲ್ಲೊಂದು ಪುಟ್ಟ ಚೌಕ ಇರುತ್ತದೆ. 'ನಿಮಗಿದು ಗೊತ್ತೇ?', 'ದಿನಕ್ಕೊಂದು ಪದ', 'ಇತಿಹಾಸದಲ್ಲಿ ಈ ದಿನ' ಎಂದು ಅದಕ್ಕೆ ನೂರೆಂಟು ಹೆಸರು. ಈಗ ಅದು ಫೋನಿಗೂ ಬಂದು ಕೂತಿದೆ. ಪಂಡಿತರಿಗೆ ಅದನ್ನು ಕಂಡರೆ ತಾತ್ಸಾರ. ಇಂಥ ಚೂರುಪಾರು ಓದಿ ಯಾರೂ ಜಾಣರಾಗುವುದಿಲ್ಲವಂತೆ. ಅವರಿಗೇನು, ಪುಸ್ತಕ ಹಿಡಿದು ಕೂತರೆ ಕೂತಲ್ಲಿಗೇ ಕಾಫಿ ಬರುತ್ತದೆ. ಹಾಲು ಉಕ್ಕುವುದರೊಳಗೆ, ಕುಕ್ಕರ್ ಮೂರನೇ ಸೀಟಿ ಹಾಕುವುದರೊಳಗೆ ಓದಿ ಮುಗಿಸಬೇಕಾದ ನಮ್ಮಂಥವರಿಗೆ ಆ ಚೌಕವೇ ಗ್ರಂಥಾಲಯ. ಚೂರು ಚಿಕ್ಕದೆಂದು ನನ್ನ ತಕರಾರಿಲ್ಲ. ಯಾವ ಚೂರು ಯಾರ ಪಾಲಿಗೆ ಎಂದು ಮೊದಲೇ ಹಂಚಿಟ್ಟುಬಿಡುತ್ತಾರಲ್ಲ, ಜಗಳ ಇರುವುದು ಅಲ್ಲಿ.

ನಮ್ಮೂರಿನ ಸಂಘವೊಂದರಲ್ಲಿ ವರ್ಷಕ್ಕೊಮ್ಮೆ ರಸಪ್ರಶ್ನೆ ನಡೆಯುತ್ತಿತ್ತು. ಗಂಡಸರಿಗೆ ರಾಜರು, ಯುದ್ಧ, ಸಂವಿಧಾನ. ನಮಗೆ 'ಮಹಿಳಾ ವಿಭಾಗ'. ರೇಷ್ಮೆ ಸೀರೆಗೆ ಎಣ್ಣೆ ಬಿದ್ದರೆ ಏನು ಮಾಡುತ್ತೀರಿ, ಹಪ್ಪಳದ ಹಿಟ್ಟಿನ ಹದ ಎಂಥದು? ಅಡುಗೆಯ ಪ್ರಶ್ನೆ ಕೇಳಿದರೆಂದು ನನಗೆ ಬೇಸರವಿಲ್ಲ. ಅಡುಗೆಮನೆಗೆ ಇತಿಹಾಸವೇ ಇಲ್ಲ ಎಂದುಕೊಂಡು ಕೇಳಿದರಲ್ಲ, ಬೇಸರ ಅದಕ್ಕೆ.

ಅಡುಗೆಮನೆಯನ್ನು ಒಮ್ಮೆ ಕಣ್ಣು ಬಿಟ್ಟು ನೋಡಿ. ಒಗ್ಗರಣೆಗೆ ಹಾಕುವ ಒಣಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು ಆಮೇಲೆ. ಅಲ್ಲಿಯವರೆಗೆ ಖಾರಕ್ಕೆ ಮುಖ್ಯವಾಗಿ ಇದ್ದದ್ದು ಕರಿಮೆಣಸು, ಶುಂಠಿ. ಹೊಸ ಕಾಯಿ ಬಂದಾಗ ನಮ್ಮವರು ಹೊಸ ಶಬ್ದಕ್ಕೆ ತಡಕಾಡಲಿಲ್ಲ. ಮೆಣಸಿನಂತೆ ಖಾರ, ನೋಡಿದರೆ ಕಾಯಿ, ಹಾಗಾಗಿ ಮೆಣಸಿನಕಾಯಿ. ಜೋಳದಂಥ ಕಾಳು, ಮೇಲೆ ಮುಸುಕು, ಅದಕ್ಕೇ ಮುಸುಕಿನ ಜೋಳ. ನೆಲದೊಳಗೆ ಬಿಡುವುದು ನೆಲಗಡಲೆ. ಪರಂಗಿಯವರು ತಂದದ್ದು ಪರಂಗಿ ಹಣ್ಣು. ಹೊರಗಿನ ಸೀಮೆಯಿಂದ ಬಂದದ್ದಕ್ಕೆಲ್ಲ ಸೀಮೆ ಎಂದು ಸೇರಿಸಿದರು: ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ಚಾವಿ, ಪಗಾರ, ಅನಾನಸು, ಮೇಸ್ತ್ರಿ ಪೋರ್ಚುಗೀಸ್ ಮಾತುಗಳು. ಒಂದು ಭಾಷೆ ಐದು ಶತಮಾನಗಳಲ್ಲಿ ಯಾರ್‍ಯಾರ ಜತೆ ವ್ಯವಹಾರ ಮಾಡಿತು ಎಂಬ ಲೆಕ್ಕದ ಪುಸ್ತಕ ನಮ್ಮ ಸಾಂಬಾರ ಡಬ್ಬಿಯಲ್ಲೇ ಇದೆ. ಅದರ ಮುಚ್ಚಳ ದಿನಕ್ಕೆ ನಾಲ್ಕು ಸಲ ತೆಗೆಯುವವಳಿಗೆ ಅದರ ಪ್ರಶ್ನೆಯನ್ನೇ ಕೇಳುವುದಿಲ್ಲ!

'ಇದೆಲ್ಲ ತಿಳಿದು ಆಗಬೇಕಾದ್ದೇನು, ಸಾರಿನ ರುಚಿ ಹೆಚ್ಚುತ್ತದೆಯೇ?' ಎನ್ನುವವರಿದ್ದಾರೆ. ರುಚಿ ಹೆಚ್ಚುವುದಿಲ್ಲ, ಧೈರ್ಯ ಹೆಚ್ಚುತ್ತದೆ. ಹೆಂಗಸರ ಬಾಯಿ ಮುಚ್ಚಿಸಲು ನಮ್ಮಲ್ಲೊಂದು ಮಾತಿದೆ: 'ಅನಾದಿ ಕಾಲದಿಂದ ಹೀಗೇ ನಡೆದುಬಂದಿದೆ.' ಹೊಸದಾಗಿ ಬಂದ ಸೊಸೆಗೆ ಹುಳಿಯ ಹದದಿಂದ ಹಿಡಿದು ಹೊಸಿಲು ದಾಟುವ ಹೊತ್ತಿನವರೆಗೆ ಎಲ್ಲಕ್ಕೂ ಅದೇ ಉತ್ತರ. ಮೆಣಸಿನಕಾಯಿಯ ಕಥೆ ಗೊತ್ತಿದ್ದವಳು ಮನಸ್ಸಿನಲ್ಲಾದರೂ ಕೇಳಿಕೊಳ್ಳುತ್ತಾಳೆ: ಯಾವ ಅನಾದಿ? ಸಾರಿನ ಕೆಂಪು ಬಣ್ಣಕ್ಕೇ ಐನೂರು ವರ್ಷ ವಯಸ್ಸು ಎಂದಮೇಲೆ, ಉಳಿದದ್ದರ ವಯಸ್ಸೆಷ್ಟು?

ಇನ್ನೂ ಒಂದು ಸ್ವಾರಸ್ಯ ಕೇಳಿ. ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ ಸಲ್ಲದು, ಕರಿಮೆಣಸೇ ಆಗಬೇಕು. ಆಲೂಗಡ್ಡೆ, ಟೊಮೆಟೊ ಒಳಗೆ ಬರಕೂಡದು. ಅವೂ ಅಮೆರಿಕದಿಂದ ಬಂದವೇ. ಹಿರಿಯರಿಗೆ ಹಿರಿಯರ ಕಾಲದ ಊಟ! ಈ ನೆನಪನ್ನು ಮಡಿಯುಟ್ಟು ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ಹೆಂಗಸರು. ಅವರ ನೆನಪಿಗೆ 'ಶಾಸ್ತ್ರ' ಎಂದು ಕೈ ಮುಗಿಯುತ್ತಾರೆ, 'ಜ್ಞಾನ' ಎಂದು ಅಂಕ ಕೊಡುವುದಿಲ್ಲ.

ಪೇಟೆಯಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಹೆಂಗಸರೇ ಇಲ್ಲವೇ ಎಂದರೆ, ಇದ್ದಾರೆ. 'ದಾನಚಿಂತಾಮಣಿ ಯಾರು? ಅತ್ತಿಮಬ್ಬೆ.' ಮುಗಿಯಿತು, ಒಂದು ಅಂಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಆಕೆ, ಸಾವಿರ ವರ್ಷಗಳ ಹಿಂದೆ, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ರನ್ನ ಅಜಿತಪುರಾಣ ಬರೆದದ್ದು ಆಕೆಯ ಆಶ್ರಯದಲ್ಲಿ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಓಲೆಗರಿ, ಎಷ್ಟು ಜನ ಲಿಪಿಕಾರರು, ಅವರಿಗೆಲ್ಲ ಎಷ್ಟು ದಿನದ ಊಟ! ಪುಸ್ತಕ ಉಳಿಯಬೇಕಾದರೆ ಅದು ಒಂದೇ ಕಡೆ ಇರಬಾರದು ಎಂಬುದು ಆಕೆಗೆ ಹೊಳೆದದ್ದಾದರೂ ಹೇಗೆ? ಈ ಪ್ರಶ್ನೆಗಳಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಉತ್ತರ ಒಂದೇ ಪದದಲ್ಲಿ ಇರಬೇಕಲ್ಲ!

ಹಾಗೆ ಒಂದೇ ಪದಕ್ಕೆ ಒಗ್ಗಿದ ಮನಸ್ಸು ಸುಳ್ಳಿಗೂ ಬೇಗ ಒಗ್ಗುತ್ತದೆ. ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೊ ಘೋಷಿಸಿದೆ ಎಂಬ ಸಂದೇಶ ನಿಮಗೂ ಬಂದಿರಬೇಕು. ಯುನೆಸ್ಕೊ ಅಂಥ ಘೋಷಣೆ ಮಾಡಿಯೇ ಇಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹುಳುಕಿದ್ದರೆ ವಾಪಸು ಹಾಕುವ ನಾವು ಇಂಥ ಮಾತನ್ನು ಮಾತ್ರ ತಿರುಗಿಸಿ ನೋಡದೆ ಹತ್ತು ಮನೆಗೆ ಏಕೆ ಹಂಚಬೇಕು?

ಆದ್ದರಿಂದ ತಾಯಂದಿರೇ, ಚೂರನ್ನು ಬಿಡಬೇಡಿ, ಆದರೆ ಚೂರಿಗೇ ನಿಲ್ಲಬೇಡಿ. ಮಗು ಪುಸ್ತಕ ಹಿಡಿದು ಬಂದಾಗ 'ನಿಮ್ಮಪ್ಪನ್ನ ಕೇಳು ಹೋಗು' ಎಂದು ಅಟ್ಟಬೇಡಿ. ಹತ್ತಿರ ಕೂರಿಸಿಕೊಂಡು ಇನ್ನೆರಡು ಪ್ರಶ್ನೆ ಸೇರಿಸಿ: ಹೀಗೆಂದು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು? ನಿಮ್ಮ ಅತ್ತೆ, ಅಜ್ಜಿ ಬಳಸುವ ಮಾತುಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಾದರೂ ಬರೆದಿಡಿ. ಪಾವು, ಚಟಾಕು, ಕೊಳಗ, ಒನಕೆ ಎಂದರೆ ಏನೆಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಹತ್ತಿರ ಕೇಳುವ ಕೆಲಸ ಇವತ್ತೇ ಆಗಬೇಕು. ಮುಂದಿನ ವರ್ಷ ಸಂಘದವರು 'ಮಹಿಳಾ ವಿಭಾಗ' ಎಂದರೆ, ಮೆಣಸಿನಕಾಯಿ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಗಂಡಸರ ತಂಡಕ್ಕೂ ಕೇಳಿ ಎಂದು ಪಟ್ಟು ಹಿಡಿಯೋಣ.